ಕೀಲಿಗೆ ಸಾಕ್ಷಿ ನಿಂತವರು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಎಷ್ಟು ಗಣಿತ ಬೇಕು ಎಂಬುದು. ಗಣಿತವನ್ನು ಯಂತ್ರ ಮಾಡುತ್ತದೆ. ನಿಮಗೆ ಬೇಕಾದದ್ದು ಮುಲಾಜಿಲ್ಲದ ನಾಲಿಗೆ ಮತ್ತು ಒಂದು ಜೊತೆ ಗಟ್ಟಿ ಚಪ್ಪಲಿ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೆ ಉಪಯೋಗವಿಲ್ಲ. ಕೆಲಸ ಹೇಗಿತ್ತು ಎಂದಷ್ಟೇ ಬರೆಯುತ್ತೇನೆ.

ನನ್ನ ಶಿಸ್ತು ಟ್ರಂಕ್ ಎಕ್ಸ್‌ಚೇಂಜಿನದು. ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದು, ಮುಂಬಯಿಯ ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆದೆ. ಬೆನ್ನ ಹಿಂದೆ ಯಾವಾಗಲೂ ಮೇಲ್ವಿಚಾರಕಿ ನಿಂತಿರುತ್ತಿದ್ದರು. ಕೇಳಿದ ನಂಬರನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳದೆ ಲೈನು ಕೊಟ್ಟರೆ ಭುಜಕ್ಕೆ ಪೆನ್ಸಿಲಿನ ಪೆಟ್ಟು ಬೀಳುತ್ತಿತ್ತು. ಆ ಕೆಲಸ ಯಂತ್ರಗಳ ಪಾಲಾದ ಮೇಲೆ ಕಂಪ್ಯೂಟರ್ ಕಲಿತೆ. ಅಲ್ಲಿ ಇಲ್ಲಿ ದುಡಿದು, ಕೊನೆಗೆ ಬೇಲಾಪುರದ ಒಂದು ಸಣ್ಣ ಸಂಸ್ಥೆಯಲ್ಲಿ ನೆಲೆ ನಿಂತೆ. ಪೆನ್ಸಿಲಿನ ಪೆಟ್ಟು ನಿಂತರೂ ಅಭ್ಯಾಸ ನಿಲ್ಲಲಿಲ್ಲ.

ನಮ್ಮ ಸಂಸ್ಥೆ ಸಣ್ಣ ಊರುಗಳ ರಕ್ತನಿಧಿಗಳಿಗೆ ಬೇಕಾದ ಒಂದು ತಂತ್ರಾಂಶವನ್ನು ಉಚಿತವಾಗಿ ಕೊಡುತ್ತಿತ್ತು. ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತ, ಯಾರಿಗೆ ಹೊಂದುತ್ತದೆ, ಎಂದಿಗೆ ಹಾಳಾಗುತ್ತದೆ ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಅದನ್ನು ಬರೆದವರು ಒಂದೇ ಕಡೆ ಕೂತವರಲ್ಲ. ಕೋಲ್ಕತ್ತದಲ್ಲಿ ಒಬ್ಬರು, ನಾಸಿಕದಲ್ಲಿ ಒಬ್ಬರು, ಠಾಣೆ ಕಲ್ಯಾಣ್ ಕಡೆ ನಾಲ್ಕಾರು ಮಂದಿ, ಹೊರದೇಶದವರು ಕೆಲವರು. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ನೆಟ್‌ನಲ್ಲೇ ಪರಿಚಯ, ನೆಟ್‌ನಲ್ಲೇ ಜಗಳ, ನೆಟ್‌ನಲ್ಲೇ ಕೆಲಸ. ಹೀಗಿರುವಾಗ ಒಂದು ತಿದ್ದುಪಡಿ ಬಂದರೆ, ಅದನ್ನು ಕಳಿಸಿದ್ದು ನಿಜವಾಗಿ ನಮ್ಮವರೇ ಎಂದು ತಿಳಿಯುವುದು ಹೇಗೆ? ಅದನ್ನು ತಿಳಿಯುವುದೇ ನನ್ನ ಕೆಲಸ.

ಪ್ರತಿಯೊಬ್ಬರ ಹತ್ತಿರವೂ ಜೋಡಿ ಕೀಲಿ ಇರುತ್ತದೆ. ಒಂದು ಗುಟ್ಟಿನದು, ಯಾರಿಗೂ ಕೊಡಬಾರದು. ಇನ್ನೊಂದು ಬಹಿರಂಗದ್ದು, ಊರಿಗೆಲ್ಲ ಹಂಚಬಹುದು. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿ ಇಟ್ಟುಕೊಂಡು ಯಾರು ಬೇಕಾದರೂ ಪರೀಕ್ಷಿಸಬಹುದು. ಬರೆದದ್ದರಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಕೂಡಿ ಬರುವುದಿಲ್ಲ. ಇಷ್ಟು ಯಂತ್ರದ ಪಾಲು. ಆದರೆ ಈ ಬಹಿರಂಗ ಕೀಲಿ ಇಂಥವರದ್ದೇ ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಅದನ್ನು ಮನುಷ್ಯರು ಎದುರು ಕೂತು ನೋಡಬೇಕು, ನೋಡಿದ್ದೇವೆ ಎಂದು ತಮ್ಮ ಕೀಲಿಯಿಂದ ಅದರ ಮೇಲೆ ಸಹಿ ಹಾಕಬೇಕು. ಸಾಕ್ಷಿ ನಿಲ್ಲುವುದು ಎಂದರೆ ಇದು.

ಕೀಲಿ ಬಹಳ ಉದ್ದ, ಓದಿ ಹೇಳಲಾಗುವುದಿಲ್ಲ. ಅದರ ಬದಲು ಅದರಿಂದ ಹುಟ್ಟುವ ನಲವತ್ತು ಅಂಕಿ ಅಕ್ಷರಗಳ ಒಂದು ಸಾಲನ್ನು ಓದುತ್ತೇವೆ. ಅದಕ್ಕೆ ಫಿಂಗರ್‌ಪ್ರಿಂಟ್ ಎನ್ನುತ್ತೇವೆ. ಮೊದಮೊದಲು ಎಲ್ಲರೂ ಸೋಮಾರಿಗಳು, ಕೊನೆಯ ಎಂಟನ್ನು ಮಾತ್ರ ಹೋಲಿಸುತ್ತಿದ್ದರು. ಠಾಣೆಯ ಮಾಜಿವಾಡಾದಲ್ಲಿರುವ ನಮ್ಮ ಪ್ರವೀಣ್, ಮೂಲ ಬೆಂಗಳೂರಿನವನು, ತನ್ನ ಎಂಟು ಅಕ್ಷರಗಳನ್ನು ಸ್ಕೂಟರಿನ ಮುಂದೆ ದೇವರ ಹೆಸರು ಬರೆಸುವ ಜಾಗದಲ್ಲಿ ಬರೆಸಿಕೊಂಡಿದ್ದ. ಕೊನೆಯ ಎಂಟು ಮಾತ್ರ ಹೊಂದುವಂಥ ಸುಳ್ಳು ಕೀಲಿಯನ್ನು ಬೇಕೆಂದೇ ತಯಾರಿಸಬಹುದು ಎಂದು ಗೊತ್ತಾದ ದಿನ ನಾನು ಎಲ್ಲರಿಗೂ ಬರೆದೆ: ಇನ್ನು ನಲವತ್ತೂ ಓದತಕ್ಕದ್ದು. ಪ್ರವೀಣ್ ಫೋನ್ ಮಾಡಿದ.

"ಆಂಟಿ, ನಲವತ್ತೂ ಬರೆಸ್ಬೇಕು ಅಂದ್ರೆ ಗಾಡಿ ಹಿಂದಿನ ಚಕ್ರದ ತನಕ ಬರುತ್ತೆ."

"ಹಾಗಾದರೆ ಲಾರಿ ತಗೋ ಮಾರಾಯ" ಎಂದೆ.

ವಾಶಿಯ ಸಭೆಯ ಕಥೆಯನ್ನು ಹೊಸಬರಿಗೆ ತಪ್ಪದೆ ಹೇಳಬೇಕು. ನನ್ನ ಮೇಲಿನವರು ಸಬ್ನಿಸ್ ಸರ್. ಒಳ್ಳೆಯ ಮನುಷ್ಯ, ಭಾರೀ ಉತ್ಸಾಹಿ, ಎಲ್ಲವೂ ಸಂಜೆಯೊಳಗೆ ಮುಗಿಯಬೇಕು. ಈ ಕಡೆಯವರೆಲ್ಲ ಸೇರಿ ಒಬ್ಬರ ಕೀಲಿಗೆ ಒಬ್ಬರು ಸಾಕ್ಷಿ ಹಾಕುವ ಒಂದು ಭಾನುವಾರವನ್ನು ಅವರು ಗೊತ್ತು ಮಾಡಿದರು. ನಮ್ಮ ಊರಿನವರದ್ದೇ ಒಂದು ಶಾಕಾಹಾರಿ ಹೋಟೆಲಿನ ಮಹಡಿ ಸಿಕ್ಕಿತು. ಎಲ್ಲರಿಗೂ ಅನುಕೂಲವಾಗಲಿ ಎಂದು ಸಬ್ನಿಸ್ ಸರ್ ಅಲ್ಲಿಗೆ ಬರುವವರ ಫಿಂಗರ್‌ಪ್ರಿಂಟ್‌ಗಳನ್ನು ನೆಟ್‌ನಿಂದ ತೆಗೆದು, ಒಂದೇ ಹಾಳೆಯಲ್ಲಿ ಮುದ್ರಿಸಿ ಬಾಗಿಲಲ್ಲೇ ಹಂಚಿದರು. ಒಬ್ಬೊಬ್ಬರೇ ಎದ್ದು ತಮ್ಮ ಸಾಲನ್ನು ಓದಿದರು. ಉಳಿದವರು ಹಾಳೆ ನೋಡಿ ತಲೆಯಾಡಿಸಿದರು. ಎಲ್ಲವೂ ಹೊಂದುತ್ತಿತ್ತು.

ಆಗ ಎದ್ದವಳು ಶಿವಲೀಲಾ. ಕಲ್ಯಾಣ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ. ತಂದೆ ಕಲಬುರಗಿ ಕಡೆಯಿಂದ ಬಂದು ವಾಶಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವರು. ಇವಳು ಇಂಜಿನಿಯರಿಂಗ್ ಮುಗಿಸಿ ನಮ್ಮ ತಂತ್ರಾಂಶದಲ್ಲಿ ರಕ್ತ ಹೊಂದಿಸಿ ನೋಡುವ ಭಾಗವನ್ನು ಬರೆಯತೊಡಗಿದ್ದಳು. ಅವಳು ತನ್ನ ಫೋನು ನೋಡಿ ಓದಿದ್ದು ಹಾಳೆಯ ಜೊತೆ ಹೊಂದಲಿಲ್ಲ.

"ನಿನ್ನ ಕೀಲಿ ಯಾವುದು ಅಂತ ನಿಂಗೇ ಗೊತ್ತಿಲ್ವಾ?" ಎಂದು ಪ್ರವೀಣ್ ಕಾಲೆಳೆದ.

"ಚಾಬಿ ಮೇರಾ ಹೈ, ಮೇರೆ ಕೋ ಪತಾ ಹೈ. ಆಪ್ ಕಾ ಕಾಗಜ್ ಗಲತ್ ಹೈ" ಎಂದಳು ಅವಳು. ಮುದ್ರಿಸಿದ ಹಾಳೆಯೇ ತಪ್ಪು ಎಂಬ ಮಾತಿಗೆ ಎಲ್ಲರೂ ನಕ್ಕರು. ಅವಳು ಕೂರಲಿಲ್ಲ, ಇನ್ನೊಮ್ಮೆ ಮೊದಲಿನಿಂದ ಓದಿದಳು.

ಹುಡುಕಿದರೆ, ಸಬ್ನಿಸ್ ಸರ್ ತೆಗೆದದ್ದು ಅವಳು ಕಾಲೇಜಿನಲ್ಲಿ ಮಾಡಿ ಬಿಟ್ಟುಬಿಟ್ಟಿದ್ದ ಹಳೆಯ ಕೀಲಿ. ಅಷ್ಟೇ ಆಗಿದ್ದರೆ ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಉಳಿದವರದ್ದು ಹೊಂದಿದ್ದು ಏಕೆ ಎಂದು ನೋಡಿದರೆ, ಅವರೆಲ್ಲ ನಾವು ಹಂಚಿದ ಹಾಳೆಯನ್ನೇ ನಮಗೆ ಓದಿ ಹೇಳಿದ್ದರು. ಉತ್ತರವನ್ನು ಕೈಗೆ ಕೊಟ್ಟು ಪರೀಕ್ಷೆ ನಡೆಸಿದ ಹಾಗೆ! ಯಾರಾದರೂ ನೆಟ್‌ನಲ್ಲಿ ಸುಳ್ಳು ಕೀಲಿ ಇಟ್ಟಿದ್ದರೆ ಅದಕ್ಕೂ ಎಲ್ಲರೂ ಸಂತೋಷದಿಂದ ಸಾಕ್ಷಿ ಹಾಕಿ ಮನೆಗೆ ಹೋಗುತ್ತಿದ್ದರು. ಸಬ್ನಿಸ್ ಸರ್ ಹಣೆ ಚಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ಮುಂದಿನ ಭಾನುವಾರ ಪ್ರತಿಯೊಬ್ಬರೂ ತಮ್ಮ ಯಂತ್ರದಿಂದ ತಾವೇ ಬರೆದು ತಂದ ಸಾಲಿನೊಂದಿಗೆ ಮತ್ತೆ ಬಂದರು. ಅಂದಿನಿಂದ ನಮ್ಮಲ್ಲಿ ಹಾಳೆ ಹಂಚುವ ಪದ್ಧತಿ ಇಲ್ಲ.

ಕೀಲಿಯ ಇನ್ನೊಂದು ಗುಣವನ್ನು ನಾಸಿಕದವಳೊಬ್ಬಳಿಂದ ಕಲಿತೆವು. ಮದುವೆಯಾದ ಮೇಲೆ ಅವಳ ಹೆಸರು, ಊರು, ಇಮೇಲ್ ಎಲ್ಲ ಬದಲಾದವು. ಇವಳನ್ನು ಹೊಸಬಳೆಂದೇ ತಿಳಿದು ಮೊದಲಿನಿಂದ ಪರೀಕ್ಷಿಸೋಣ ಎಂದು ಕಚೇರಿಯಲ್ಲಿ ಚರ್ಚೆಯಾಯಿತು. ನಾನು ಒಪ್ಪಲಿಲ್ಲ. ಅದೇ ಕೀಲಿಯಿಂದ ಸಹಿ ಬರುತ್ತಿದೆ ಎಂದಮೇಲೆ ಅದೇ ಕೈ. ಹೆಸರು ಏನಾದರೂ ಇಟ್ಟುಕೊಳ್ಳಲಿ.

ಶಿವಲೀಲಾ ಕೆಲಸದಲ್ಲಿ ಬೇಗ ಮೇಲೆ ಬಂದಳು. ನಾನು ನಿವೃತ್ತಳಾಗುವ ಹೊತ್ತಿಗೆ, ನನ್ನ ಜಾಗ ಅವಳಿಗೆ ಎಂದು ಎಲ್ಲರೂ ಒಪ್ಪಿದ್ದರು. ಪ್ರತಿ ಹೊಸ ಆವೃತ್ತಿಗೆ ಕೊನೆಯ ಸಹಿ ಹಾಕುವ ಜಾಗ ಅದು. ನಮ್ಮಿಬ್ಬರ ಮಾತುಕತೆ ಕೇಳಿದವರಿಗೆ ನಗು ಬರುತ್ತಿತ್ತು. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು. ನನ್ನ ಮಾತು ಒಂದಕ್ಷರ ಬಿಡದೆ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಕನ್ನಡ ಬರುತ್ತಿರಲಿಲ್ಲ. "ಒಂದು ವಾಕ್ಯ ಹೇಳೇ" ಎಂದು ಪೀಡಿಸಿದರೆ "ಆಂಟಿ, ಛೋಡೋ ನಾ" ಎಂದು ಓಡಿಹೋಗುತ್ತಿದ್ದಳು.

ನನ್ನ ಕೊನೆಯ ತಿಂಗಳು. ರಕ್ತದ ಚೀಲಕ್ಕೆ ಅಂಟಿಸುವ ಚೀಟಿ ಮುದ್ರಿಸುವ ಭಾಗದಲ್ಲಿ ಒಂದು ದೋಷ ಕಂಡಿತ್ತು. ಅದನ್ನು ಸರಿಪಡಿಸಿದ ಆವೃತ್ತಿಗಾಗಿ ರಕ್ತನಿಧಿಗಳು ಕಾಯುತ್ತಿದ್ದವು. ಮರುದಿನ ಬಿಡುಗಡೆ. ಶಿವಲೀಲಾ ರಜೆ ಹಾಕಿ ಕಲಬುರಗಿ ಕಡೆ ಸೋದರಮಾವನ ಊರಿಗೆ, ಅವರ ಮಗಳ ಸೀಮಂತಕ್ಕೆ ಹೋಗಿದ್ದವಳು ಅಂದು ವಾಪಸಾಗಬೇಕಿತ್ತು. ಬೆಳಗ್ಗೆ ಅವಳ ಇಮೇಲ್ ವಿಳಾಸದಿಂದಲೇ ಒಂದು ಪತ್ರ ಬಂತು. ಮನೆಗೆ ಬರುವಾಗ ದಿವಾ ಸ್ಟೇಷನ್ನಿನ ಹತ್ತಿರ ಲೋಕಲ್‌ನಲ್ಲಿ ಬ್ಯಾಗು ಕಳವಾಯಿತು, ಲ್ಯಾಪ್‌ಟಾಪ್, ಫೋನು, ಕೀಲಿ ಎಲ್ಲ ಹೋಯಿತು. ಹೊಸ ಕೀಲಿ ಮಾಡಿಕೊಂಡಿದ್ದೇನೆ, ದಯವಿಟ್ಟು ಒಪ್ಪಿಕೊಳ್ಳಿ. ಬಿಡುಗಡೆಗೆ ಬೇಕಾದ ತಿದ್ದುಪಡಿ ಇದರೊಂದಿಗಿದೆ, ಹೊಸ ಕೀಲಿಯ ಸಹಿ ಇದೆ.

ಹೊಸ ಕೀಲಿಗೆ ನಮ್ಮ ನಿಯಮ ಒಂದೇ. ಇಬ್ಬರು ಸದಸ್ಯರು ಅವಳನ್ನು ಎದುರಿಗೆ ಕಂಡು ಸಾಕ್ಷಿ ಹಾಕಬೇಕು. ಹಾಗೆಂದು ಉತ್ತರಿಸಿದೆ. ಸ್ವಲ್ಪ ಹೊತ್ತಿನಲ್ಲೇ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅವಳದೇ ದನಿ.

"ಎಲ್ಲಿದ್ದೀ? ಪೆಟ್ಟಾಯಿತಾ?" ಎಂದೆ.

"ಇಲ್ಲ ಮೇಡಂ, ನಾನು ಸುರಕ್ಷಿತವಾಗಿದ್ದೇನೆ. ಬಂಧುಗಳ ಮನೆಯಲ್ಲಿದ್ದೇನೆ, ಇಂದು ಬರಲು ಸಾಧ್ಯವಿಲ್ಲ. ದಯವಿಟ್ಟು ನನ್ನ ಹೊಸ ಕೀಲಿಯನ್ನು ಸ್ವೀಕರಿಸಿ."

ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದೆ. ವ್ಯಾಕರಣ ಪುಸ್ತಕ ಮಾತಾಡಿದ ಹಾಗಿತ್ತು. ಅವಳ ದನಿಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ನಮ್ಮ ತಂತ್ರಾಂಶ ಬಳಸುವುದನ್ನು ಕಲಿಸುವ ಅವಳ ವಿಡಿಯೋಗಳು ನೆಟ್‌ನಲ್ಲಿದ್ದವು. ಈಗ ಅಷ್ಟು ಸಿಕ್ಕಿದರೆ ಸಾಕು, ಯಂತ್ರ ಯಾರ ದನಿಯನ್ನಾದರೂ ತೆಗೆಯುತ್ತದೆ.

ಸಬ್ನಿಸ್ ಸರ್‌ಗೆ ಹೇಳಿದೆ. ಅವರಿಗೂ ಫೋನು ಬಂದಿತ್ತು, ಹಿಂದಿಯಲ್ಲಿ.

"ಅಹೋ ಮೇಡಂ, ಕನ್ನಡ ಮಾತಾಡು ಅಂತ ವರ್ಷಗಟ್ಟಲೆ ಅವಳ ಬೆನ್ನು ಹತ್ತಿದ್ದು ನೀವೇ. ಈಗ ಮಾತಾಡಿದರೆ ಅದೂ ತಪ್ಪಾ? ಪಾಪ, ಹೆದರಿದ್ದಾಳೆ. ಒಪ್ಪಿಕೊಂಡುಬಿಡಿ, ನಾಳೆ ಬಿಡುಗಡೆ ಇದೆ."

"ನನ್ನ ಅನುಮಾನವನ್ನು ನಾನೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಸರ್. ಅವಳು ಹಿಂದಿಯಲ್ಲೇ ಮಾತಾಡಿದ್ದರೂ ನಾನು ಒಪ್ಪುತ್ತಿರಲಿಲ್ಲ."

ಹೊಸಬರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಕಥೆ ಕೇಳಿದವರೆಲ್ಲ, ಕನ್ನಡ ಕೇಳಿ ಕಳ್ಳನನ್ನು ಹಿಡಿದಿರಲ್ಲ ಎಂದು ನನ್ನನ್ನು ಹೊಗಳುತ್ತಾರೆ. ಅದು ತಪ್ಪು. ಕಳ್ಳ ಇನ್ನಷ್ಟು ಜಾಣನಾಗಿದ್ದರೆ ನನ್ನ ಜೊತೆಗೂ ಹಿಂದಿಯಲ್ಲೇ ಮಾತಾಡಿರುತ್ತಿದ್ದ. ಉಳಿಸಿದ್ದು ನಿಯಮ.

ಪ್ರವೀಣ್‌ನನ್ನು ಕರೆದೆ. ಅವನು ಮಾಜಿವಾಡಾದಿಂದ, ನಾನು ಬೇಲಾಪುರದಿಂದ ಹೊರಟು ಠಾಣೆ ಸ್ಟೇಷನ್ನಿನಲ್ಲಿ ಸೇರಿ ಕಲ್ಯಾಣ್ ಲೋಕಲ್ ಹಿಡಿದೆವು. ಕಲ್ಯಾಣ್ ಪೂರ್ವದ ಒಂದು ಚಾಳಿನ ಸಾಲುಕೋಣೆಗಳಲ್ಲಿ ಅವಳ ಮನೆ. ತಾಯಿ ನಾಗಮ್ಮ ಬಾಗಿಲಲ್ಲೇ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು.

"ಬರ್ರಿ ಅಕ್ಕಾರ, ಒಳಗ ಬರ್ರಿ. ಲೀಲಾ ಇಲ್ಲಲ್ರಿ, ಇನ್ನ ನಮ್ಮಣ್ಣನ ಮನ್ಯಾಗೇ ಇದ್ದಾಳ. ಒಂದಿನ ಇದ್ದು ಹೋಗು ಅಂತ ಹಿಡದು ಕುಂದ್ರಿಸ್ಯಾರ."

"ಇನ್ನೂ ಹೊರಟಿಲ್ಲವಾ? ದಿವಾದಲ್ಲಿ ಅವಳ ಲ್ಯಾಪ್‌ಟಾಪ್ ಕಳವಾಯಿತಂತಲ್ಲ?"

"ಯಾವಂವ ಹೇಳ್ದಂವ?" ನಾಗಮ್ಮ ಸೊಪ್ಪು ಬಿಟ್ಟು ಎದ್ದರು. ಕಪಾಟು ತೆಗೆದು, ಹಳೆಯ ಸೀರೆಯಲ್ಲಿ ಸುತ್ತಿದ್ದ ಗಂಟನ್ನು ನಮ್ಮ ಮುಂದೆ ಇಟ್ಟರು. "ಇಲ್ಲೇ ಅದ ನೋಡ್ರಿ! ಧೂಳಾಗ್ತದ ಅಂತ ನಾನೇ ಸುತ್ತಿ ಇಟ್ಟೀನಿ."

ಸೀರೆಯೊಳಗೆ ಲ್ಯಾಪ್‌ಟಾಪ್ ಇತ್ತು. ಪ್ರವೀಣ್ ನನ್ನ ಕಡೆ ತಿರುಗಿದ. "ಆಂಟಿ, ಹಾಗಾದ್ರೆ ಫೋನ್ ಮಾಡಿದ್ದು ಯಾರು?"

ಸಬ್ನಿಸ್ ಸರ್‌ಗೆ ಅಲ್ಲಿಂದಲೇ ಫೋನು ಮಾಡಿದೆ. ಪತ್ರ ಸುಳ್ಳು ಎಂದು ಅವರು ಕೂಡಲೇ ಎಲ್ಲರಿಗೂ ಬರೆದರು. ಸ್ವಲ್ಪ ಹೊತ್ತಿಗೆ ನಮ್ಮ ಇಮೇಲ್ ಗುಂಪಿನಲ್ಲಿ ಬೆಂಕಿ ಹತ್ತಿತು. ಪತ್ರ ಅವಳ ವಿಳಾಸದಿಂದಲೇ ಬಂದಿದೆ, ಅವಳು ರಜೆಯಲ್ಲಿರುವುದೂ ಬಿಡುಗಡೆಯ ದಿನವೂ ಬರೆದವರಿಗೆ ಗೊತ್ತಿದೆ, ಅವಳೇ ಯಾರ ಜೊತೆಗೋ ಸೇರಿರಬೇಕು, ಅವಳ ಹೆಸರನ್ನು ತೆಗೆದುಹಾಕಿ ಎಂದು ಹೊರದೇಶದ ಒಬ್ಬ ಹಿರಿಯ ಸದಸ್ಯರು ಬರೆದಿದ್ದರು. ಮೂವರು ಅದಕ್ಕೆ ಹೂಂಗುಟ್ಟಿದ್ದರು. ಒಮ್ಮೆ ಹೆಸರು ತೆಗೆದರೆ ಆ ಸುದ್ದಿ ನೆಟ್‌ನಲ್ಲಿ ಎಂದೆಂದಿಗೂ ಉಳಿಯುತ್ತದೆ. ನನ್ನ ಜಾಗ ಹೋಗಲಿ, ಮುಂದೆ ಅವಳಿಗೆ ಯಾರೂ ಎಲ್ಲಿಯೂ ಕೆಲಸ ಕೊಡುವುದಿಲ್ಲ. ಸಬ್ನಿಸ್ ಸರ್‌ಗೆ ಮತ್ತೆ ಫೋನು ಮಾಡಿದೆ.

"ಸರ್, ಅವಳೇ ಸೇರಿದ್ದರೆ ಹೊಸ ಕೀಲಿ ಯಾಕೆ ಬೇಕಿತ್ತು? ಹಳೆಯ ಕೀಲಿಯಿಂದಲೇ ಸಹಿ ಹಾಕಿ ಕಳಿಸಬಹುದಿತ್ತು. ನಾವು ಯಾರೂ ತಿರುಗಿ ಕೇಳುತ್ತಿರಲಿಲ್ಲ. ಕಳ್ಳನಿಗೆ ಸಿಕ್ಕಿದ್ದು ಇಮೇಲ್, ಕೀಲಿ ಸಿಕ್ಕಿಲ್ಲ. ಅದಕ್ಕೇ ಹೊಸದು ಒಪ್ಪಿಕೊಳ್ಳಿ ಅಂತ ಗೋಗರೆಯುತ್ತಿದ್ದಾನೆ."

"ನೀವು ಹೇಳುವುದು ಸರಿ. ಆದರೆ ನಾನೊಬ್ಬ ನಂಬಿದರೆ ಸಾಲದು, ಎಲ್ಲರೂ ನೋಡಬೇಕು. ನಾಳೆ ಬಿಡುಗಡೆಯವರೆಗೆ ತಡೆಯುತ್ತೇನೆ. ಅಷ್ಟರೊಳಗೆ ಹಳೆಯ ಕೀಲಿಯಿಂದ ಅವಳ ಸಹಿ ಬರಲಿ."

ಅವಳ ಫೋನಿಗೆ ಸಿಗ್ನಲ್ ಇರಲಿಲ್ಲ. ನಾಗಮ್ಮ ಅಣ್ಣನ ಮನೆಗೆ ಫೋನು ಹಚ್ಚಿ, "ಲೇ ಲೀಲಾ, ನಿನ್ನ ಹೆಸರ ಮ್ಯಾಲ ಯಾವನೋ ಏನೋ ಮಾಡ್ಯಾನಂತ, ಅಕ್ಕಾರು ಬಂದಾರ ನೋಡು" ಎಂದು ನನ್ನ ಕೈಗೆ ಕೊಟ್ಟರು. ನಾನು ಎಲ್ಲ ಹೇಳಿದೆ. ಅವಳು ಸಿಡಿದಳು.

"ಮೇರೆ ನಾಮ್ ಸೇ? ಆಂಟಿ, ಮೇರಾ ಚಾಬಿ ಮೇರೆ ಗಲೇ ಮೇ ಹೈ!"

ಅವಳ ಗುಟ್ಟಿನ ಕೀಲಿ ಪೆನ್‌ಡ್ರೈವ್‌ನಷ್ಟು ದೊಡ್ಡ ಒಂದು ಸಾಧನದೊಳಗೆ ಇತ್ತು. ಕಾಲ ಕಳೆದಂತೆ ನಾವು ಕಂಡುಕೊಂಡ ಒಳ್ಳೆಯ ಪದ್ಧತಿ ಅದು. ಕೀಲಿ ಆ ಸಾಧನದಿಂದ ಹೊರಗೆ ಬರುವುದೇ ಇಲ್ಲ. ಅವಳು ಅದನ್ನು ಕರಿದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಕಂಡವರ ಕಂಪ್ಯೂಟರಿಗೆ ಚುಚ್ಚಬಾರದೆಂಬ ನಿಯಮ ಇದ್ದುದರಿಂದ ಅವಳು ಮನೆಗೇ ಬರಬೇಕು.

"ಹಾಗಾದರೆ ಸಿಕ್ಕಿದ ಗಾಡಿ ಹತ್ತು" ಎಂದೆ. "ಈಗ ಫೋನಿನಲ್ಲಿ ಕೇಳುತ್ತಿರುವ ದನಿಯನ್ನೂ ನಾನು ನಂಬಿಲ್ಲ, ತಿಳೀತಾ?"

ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ಬಂತು. "ಮತ್ ಕರೋ ಆಂಟಿ, ಬಿಲ್‌ಕುಲ್ ಮತ್ ಕರೋ." ನಂಬಲೇಬೇಡಿ ಎಂದು ಅವಳೇ ಹೇಳಿದಳು.

ಮರುದಿನ ಬೆಳಗ್ಗೆ ನಾನೂ ಪ್ರವೀಣ್‌ನೂ ಮತ್ತೆ ಆ ಮನೆಯಲ್ಲಿ ಹಾಜರಾದೆವು. ಶಿವಲೀಲಾ ಕೆದರಿದ ತಲೆಯಲ್ಲಿ, ಬ್ಯಾಗು ಎದೆಗೆ ಅವಚಿಕೊಂಡು ಬಂದಳು. ಸೀಟಿಲ್ಲದೆ ಜನರಲ್ ಡಬ್ಬಿಯಲ್ಲಿ ನಿಂತೇ ಬಂದಿದ್ದಳು. ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ತೆರೆದು, ಕೊರಳಿನ ದಾರ ಬಿಚ್ಚಿ ಸಾಧನವನ್ನು ಚುಚ್ಚಿದಳು. ಗುಪ್ತ ಸಂಖ್ಯೆ ಒತ್ತಿದಳು. ತಪ್ಪು ಎಂದು ಬಂತು. ಮತ್ತೆ ಒತ್ತಿದಳು. ಮತ್ತೆ ತಪ್ಪು.

ಮೂರನೆಯ ಸಲ ತಪ್ಪಿದರೆ ಆ ಸಾಧನ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವ ಸಂಖ್ಯೆ ನಮ್ಮ ಕಚೇರಿಯ ತಿಜೋರಿಯಲ್ಲಿ. ಅದನ್ನು ತೆಗೆಯಬೇಕಾದರೆ ಗುಂಪಿನವರೆಲ್ಲರ ಒಪ್ಪಿಗೆ ಬೇಕು. ಆ ಗುಂಪು ಅಂದು ಅವಳ ಹೆಸರು ತೆಗೆಯಲು ಕಾದು ಕೂತಿತ್ತು. ಅವಳು ಮೂರನೆಯ ಸಲ ಒತ್ತಲು ಬೆರಳು ಮುಂದೆ ತಂದಳು.

"ಕೈ ತೆಗೆ" ಎಂದೆ.

"ಆಂಟಿ, ಟೈಮ್ ನಹೀ ಹೈ..."

"ಟೈಮ್ ನಾನು ನೋಡಿಕೊಳ್ಳುತ್ತೇನೆ. ಎದ್ದೇಳು. ಮುಖ ತೊಳಿ. ಚಹಾ ಕುಡಿ. ಆಮೇಲೆ ಕೂತುಕೋ."

ನಾಗಮ್ಮ ಸೆರಗಿನಿಂದ ಅವಳ ಮುಖ ಒರೆಸಿ ಲೋಟ ಕೊಟ್ಟರು. ಅವಳು ಗೋಡೆಗೆ ಒರಗಿ ಪೂರ್ತಿ ಕುಡಿದಳು. ಹೊರಗೆ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಕೊಡದ ಸಾಲಿಗಾಗಿ ಮರಾಠಿಯಲ್ಲಿ ಜಗಳವಾಡುತ್ತಿದ್ದರು. ಅವಳು ಬಂದು ಕೂತು, ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳದೆ, ನಿಧಾನವಾಗಿ ಒತ್ತಿದಳು. ಸಾಧನದ ಹಸಿರು ದೀಪ ಹೊತ್ತಿತು.

ಪ್ರವೀಣ್ ಚಪ್ಪಾಳೆ ತಟ್ಟಲು ಹೋದ. "ಇನ್ನೂ ಇಲ್ಲ" ಎಂದು ಅವನ ಕೈ ಹಿಡಿದೆ.

ಅವಳು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಸಹಿ ಹಾಕಿ ಇಡೀ ಗುಂಪಿಗೆ ಕಳಿಸಿದಳು. ನಾನು ಪಕ್ಕದಲ್ಲೇ ಕೂತಿದ್ದರೂ ಅವಳ ಪರದೆ ನೋಡಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಕ್ರಮ ಪ್ರಕಾರ ತೆರೆದು, ಮೊದಲು ಸಹಿಯನ್ನು ಪರೀಕ್ಷಿಸಿದೆ. ವಾಶಿಯ ಮಹಡಿಯ ಮೇಲೆ ನಾವು ಸಾಕ್ಷಿ ನಿಂತ ಅದೇ ಕೀಲಿ. ಸಹಿ ಸರಿಯಾಗಿತ್ತು. ಆಮೇಲೆ ಓದಿದೆ.

"ನಾನು ಶಿವಲೀಲಾ. ನನ್ನ ಕೀಲಿ ನನ್ನ ಹತ್ತಿರವೇ ಇದೆ, ನಿನ್ನೆ ಬಂದದ್ದು ನನ್ನದಲ್ಲ. ಇವತ್ತಿನ ಬಿಡುಗಡೆಯ ತಿದ್ದುಪಡಿಗೆ ಸಹಿ ನಾನೇ ಹಾಕುತ್ತೇನೆ, ಅನುಮಾನ ಇದ್ದವರು ಪರೀಕ್ಷಿಸಿಕೊಳ್ಳಿ."

ಮೊದಲ ಉತ್ತರ ಸಬ್ನಿಸ್ ಸರ್ ಅವರದು: ಪರೀಕ್ಷಿಸಿದೆ, ಸರಿ ಇದೆ. ಆಮೇಲೆ ಕೋಲ್ಕತ್ತ, ನಾಸಿಕ. ಹೂಂಗುಟ್ಟಿದ್ದ ಮೂವರೂ ಒಬ್ಬರ ಹಿಂದೆ ಒಬ್ಬರು. ಕೊನೆಗೆ ಹೊರದೇಶದ ಆ ಹಿರಿಯರು. ಸರಿ ಇದೆ ಎಂದು ಬರೆದು, ಅದರ ಕೆಳಗೆ ಅವಳಲ್ಲಿ ಕ್ಷಮೆ ಕೇಳಿದ್ದರು. ಅವಳು ಅದನ್ನು ಓದಿದಳು, ಉತ್ತರ ಬರೆಯಲು ಕೂರಲಿಲ್ಲ. ಕೆಲಸ ಬಾಕಿಯಿತ್ತು.

ಕಳ್ಳ ಕಳಿಸಿದ್ದ ತಿದ್ದುಪಡಿಯನ್ನು ಮೂವರೂ ಕೂತು ಸಾಲು ಸಾಲಾಗಿ ಓದಿದೆವು. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು. ಹೊರಗಿನವರು ಯಾರಿಗೂ ಕಾಣದಂತೆ ಒಳಗೆ ಬಂದು ಚೀಲದ ಮೇಲಿನ ರಕ್ತದ ಗುಂಪನ್ನೇ ಬದಲಾಯಿಸಲು ಅಲ್ಲಿ ದಾರಿ ಮಾಡಲಾಗಿತ್ತು. ಅದರ ಕೆಳಗೆ ಅವಳ ಹೆಸರಿತ್ತು. ಅವಳು ಅದನ್ನು ಅಳಿಸಿಹಾಕಿ, ತಾನು ಮೊದಲೇ ಬರೆದಿಟ್ಟಿದ್ದ ಸರಿಯಾದ ತಿದ್ದುಪಡಿಯನ್ನು ಸೇರಿಸಿದಳು. ನಾನು ಪರೀಕ್ಷಿಸಿದೆ, ಪ್ರವೀಣ್ ಪರೀಕ್ಷಿಸಿದ. ಬಿಡುಗಡೆಗೆ ಕೊನೆಯ ಸಹಿ ಹಾಕುವುದು ಆ ತಿಂಗಳ ಕೊನೆಯವರೆಗೆ ನನ್ನ ಹಕ್ಕಾಗಿತ್ತು. ನಾನು ನನ್ನ ಲ್ಯಾಪ್‌ಟಾಪ್ ಮುಚ್ಚಿದೆ.

"ನೀನೇ ಹಾಕು" ಎಂದೆ.

ಸಹಿ ಬಿತ್ತು. ಹೊಸ ಆವೃತ್ತಿ ಹೊರಟಿತು. ರಕ್ತನಿಧಿಗಳ ಯಂತ್ರಗಳು ಯಾವುದನ್ನೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೊದಲು ಸಹಿ ನೋಡುತ್ತವೆ. ಒಪ್ಪಿಕೊಂಡ ಕೂಡಲೇ ನಮಗೆ ಒಂದು ಸಾಲಿನ ಸುದ್ದಿ ಕಳಿಸುತ್ತವೆ. ನಾವು ಪರದೆಯ ಮುಂದೆ ಕಾದು ಕೂತೆವು. ಮೊದಲು ಒಂದು ಊರು ಬಂತು. ಆಮೇಲೆ ಇನ್ನೊಂದು. ಆಮೇಲೆ ಓದಲು ಪುರುಸೊತ್ತಿಲ್ಲದಂತೆ ಊರಿನ ಮೇಲೆ ಊರು ಬರತೊಡಗಿತು. ಪ್ರತಿ ಸಾಲಿನ ಕೊನೆಯಲ್ಲೂ ಅವಳ ಹೆಸರು ಇತ್ತು, ಅದರ ಮುಂದೆ ಸಹಿ ಸರಿಯಾಗಿದೆ ಎಂಬ ಮಾತಿತ್ತು. ನಾಗಮ್ಮ ಸೌಟು ಹಿಡಿದುಕೊಂಡೇ ಬಂದು ಮಗಳ ಹಿಂದೆ ನಿಂತರು. ಓದಲು ಬಾರದ ಅವರು, ಅದು ಏನು, ಎಲ್ಲ ಸಾಲಿನಲ್ಲೂ ಒಂದೇ ಥರ ಕಾಣುತ್ತಿದೆಯಲ್ಲ ಎಂದು ಕೇಳಿದರು.

"ನಿಮ್ಮ ಮಗಳ ಹೆಸರು" ಎಂದೆ.

ನಾಗಮ್ಮ ಒಲೆ ಆರಿಸಿ ಬಂದು, ಪರದೆಯ ಮುಂದೆ ನಮ್ಮ ಜೊತೆ ಕೂತರು.